ಸಿವಂಗಿ ಸಂಶೋಧನೆಗೆ ಕೈಜೋಡಿಸಲು ಹೋದರೆ ಏನು ಕೆಲಸ ಸಿಗುತ್ತದೆ?

[ದೃಶ್ಯ: ಮುಳ್ಳುಪೊದೆಗಳ ಬಯಲು, ನಡುವೆ ಒಂದು ಓರೆ ಮರ]

ನಮಸ್ಕಾರ. ಈ ಮರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕಾಂಡ ಓರೆಯಾಗಿದೆ, ಹತ್ತೋಕೆ ಸಲೀಸು. ಗಂಡು ಸಿವಂಗಿಗಳು, ಅಂದರೆ ಚೀತಾಗಳು, ಇದರ ಮೇಲೆ ನಿಂತು ಸುತ್ತ ಕಣ್ಣಾಡಿಸುತ್ತವೆ. ಮೂತ್ರ ಸಿಡಿಸಿ, ಹಿಕ್ಕೆ ಹಾಕಿ ಹೋಗುತ್ತವೆ. ಆಮೇಲೆ ಬರುವ ಚೀತಾ ಅದನ್ನು ಮೂಸಿದರೆ ಸಾಕು, ಯಾರು ಬಂದು ಹೋದರು ಅಂತ ಗೊತ್ತಾಗುತ್ತದೆ. ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ!

ಇದು ಆಫ್ರಿಕಾ ಖಂಡದ ನಮೀಬಿಯಾ ದೇಶ. ಇಲ್ಲಿನ ಒಟ್ಜಿವರೊಂಗೊ ಪಟ್ಟಣದ ಹತ್ತಿರ ಚೀತಾ ಕನ್ಸರ್ವೇಶನ್ ಫಂಡ್ ಕೆಲಸ ಮಾಡುತ್ತಿದೆ. ಚೀತಾಗಳನ್ನು ಉಳಿಸೋಕೆ ವಿಜ್ಞಾನಿ ಲಾರಿ ಮಾರ್ಕರ್ 1990ರಲ್ಲಿ ಕಟ್ಟಿದ ಸಂಸ್ಥೆ. ಕನ್ನಡದಲ್ಲಿ ನಾವು ಸಿವಂಗಿ ಅನ್ನುವ ಈ ಪ್ರಾಣಿ ಭಾರತದಲ್ಲಿ ಅಳಿದುಹೋಯಿತು ಅಂತ 1952ರಲ್ಲೇ ಘೋಷಣೆಯಾಯಿತು. 2022ರಲ್ಲಿ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ಬಂದ ಮೊದಲ ಎಂಟು ಚೀತಾಗಳು ನಮೀಬಿಯಾದವೇ.

[ದೃಶ್ಯ: ಕೈಗವಸು ಹಾಕಿದ ಕೈ, ಕಾಗದದ ಚೀಲ]

ಸ್ವಯಂಸೇವಕ ಅಂದರೆ ಮರಿಗೆ ಹಾಲು ಕುಡಿಸೋದು ಅಂದುಕೊಂಡಿದ್ದೀರಾ? ಅಲ್ಲ. ಹಿಕ್ಕೆ ಹೆಕ್ಕಬೇಕು. ಸಿಕ್ಕ ಜಾಗ, ದಿನ ಬರೆದಿಡಬೇಕು. ಅದನ್ನು ತೊಳೆದು ಜರಡಿ ಹಿಡಿದರೆ ಕೂದಲು ಉಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಪ್ರಾಣಿಯ ಕೂದಲಿನ ಮೇಲೂ ಬೇರೆ ಬೇರೆ ಹೆಂಚಿನ ಸಾಲಿನಂಥ ಗುರುತು ಕಾಣುತ್ತದೆ. ಇದು ಜಿಂಕೆಯದೋ, ಮೇಕೆಯದೋ ಅಂತ ಆಗ ಹೇಳಬಹುದು.

ಇದು ಯಾಕೆ ಮುಖ್ಯ ಗೊತ್ತಾ? ನಮೀಬಿಯಾದ ಹೆಚ್ಚಿನ ಚೀತಾಗಳು ಇರುವುದು ರಕ್ಷಿತಾರಣ್ಯದಲ್ಲಲ್ಲ, ರೈತರ ಜಮೀನಿನಲ್ಲಿ. ಕರು ಸತ್ತರೆ ಮೊದಲ ಅನುಮಾನ ಚೀತಾ ಮೇಲೆ. 1980ರ ದಶಕದಲ್ಲಿ ಹೀಗೆಯೇ ಸಾವಿರಾರು ಚೀತಾಗಳು ಹೋದವು. ಹಿಕ್ಕೆಯಲ್ಲಿ ಸಿಗುವ ಕೂದಲು ಹೆಚ್ಚಾಗಿ ಕಾಡುಪ್ರಾಣಿಗಳದ್ದು. ರೈತರ ಮುಂದೆ ಕೂತು ಮಾತಾಡುವಾಗ ಈ ಪುರಾವೆ ಬೇಕು.

ಅದೇ ಮರಕ್ಕೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಎದುರು ಏನಾದರೂ ಅಲ್ಲಾಡಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಕಟ್ಟುತ್ತಾರೆ. ಒಂದೊಂದು ಚೀತಾವನ್ನೂ ಮೈಮೇಲಿನ ಚುಕ್ಕೆ ನೋಡಿ ಗುರುತು ಹಿಡಿಯುತ್ತಾರೆ. ಚೀತಾದ ಎಡಬದಿಯ ಚುಕ್ಕೆ ಬಲಬದಿಯಂತಿರುವುದಿಲ್ಲ, ಹಾಗಾಗಿ ಎರಡೂ ಕಡೆಯಿಂದ ಫೋಟೋ ಬೇಕು. ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಯ ಪಟ್ಟೆ ನೋಡಿ ಎಣಿಸಿದ್ದೂ ಇದೇ ದಾರಿಯಲ್ಲಿ. ಗಾಳಿಗೆ ಹುಲ್ಲು ಅಲ್ಲಾಡಿದ ಫೋಟೋಗಳೇ ಜಾಸ್ತಿ ಇರುತ್ತವೆ. ಅಷ್ಟನ್ನೂ ತಾಳ್ಮೆಯಿಂದ ಬೇರ್ಪಡಿಸುವ ಕೆಲಸ ನಿಮ್ಮದು.

[ದೃಶ್ಯ: ಪರದೆಯ ಮೇಲೆ ಎಚ್ಚರಿಕೆ ಗುರುತು]

ಇಲ್ಲಿ ದಯವಿಟ್ಟು ಗಮನ ಕೊಡಿ. ದಕ್ಷಿಣ ಆಫ್ರಿಕಾದ ಕೆಲವು ಕಡೆ ಸಿಂಹದ ಮರಿಯನ್ನು ಎತ್ತಿಕೊಳ್ಳಲು ಬಿಡುತ್ತಾರೆ, ಅದಕ್ಕೆ 'ಸಂರಕ್ಷಣೆ' ಅಂತ ಹೆಸರು. ಆ ಮರಿಗಳನ್ನು ತಾಯಿಯಿಂದ ಕಿತ್ತು ತಂದಿರುತ್ತಾರೆ. ದೊಡ್ಡದಾದ ಮೇಲೆ ಬೇಲಿಯೊಳಗಿನ ಬೇಟೆಗೆ ಮಾರಾಟವಾದದ್ದೂ ಇದೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಮರಿ ಮುಟ್ಟಬಹುದಾ? 'ಹೌದು' ಅಂದರೆ ಅಲ್ಲಿಗೆ ಹೋಗಬೇಡಿ. ಚೀತಾ ಮರಿ ಸುಮಾರು ಒಂದೂವರೆ ವರ್ಷ ತಾಯಿಯ ಜೊತೆ ಇದ್ದು ಬೇಟೆ ಕಲಿಯುತ್ತದೆ. ಮನುಷ್ಯರ ಮಡಿಲಲ್ಲಿ ಬೆಳೆದದ್ದಕ್ಕೆ ಆ ಪಾಠ ಸಿಗುವುದಿಲ್ಲ.

[ದೃಶ್ಯ: ಮೇಕೆಗಳ ನಡುವೆ ದೊಡ್ಡ ನಾಯಿ]

ಮುದ್ದು ಮಾಡಬೇಕು ಅನ್ನಿಸಿದರೆ ಇವನಿದ್ದಾನೆ. ಟರ್ಕಿ ಮೂಲದ ಕಾಂಗಲ್ ತಳಿ. 1994ರಿಂದ ಸಂಸ್ಥೆ ಇಂಥ ಕಾವಲು ನಾಯಿಗಳನ್ನು ರೈತರಿಗೆ ಕೊಡುತ್ತಿದೆ. ಮರಿಯಿದ್ದಾಗಿನಿಂದ ಮೇಕೆಗಳ ಜೊತೆಗೇ ಮಲಗಿ ಬೆಳೆಯುತ್ತವೆ, ಮೇಕೆಗಳೇ ಇವುಗಳ ಮನೆಮಂದಿ. ಚೀತಾ ಹತ್ತಿರ ಬಂದರೆ ಎದುರು ನಿಂತು ಜೋರಾಗಿ ಬೊಗಳುತ್ತವೆ. ಚೀತಾ ಹಗುರ ಮೈಯ ಪ್ರಾಣಿ. ಗಾಯವಾದರೆ ಓಡಲಾಗದು, ಓಡದಿದ್ದರೆ ಊಟವಿಲ್ಲ. ಸುಮ್ನೆ ಜಗಳಕ್ಕೆ ನಿಲ್ಲದೆ, ತಿರುಗಿ ಪೊದೆಯೊಳಗೆ ಹೋಗಿಬಿಡುತ್ತದೆ.