ಮೌಸ್ ಮುಟ್ಟದೆ ಒಂದು ಅರ್ಜಿ ತುಂಬಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನೀವೀಗ ನನ್ನ ಮಾತು ಕೇಳುತ್ತಿದ್ದೀರಿ. ನನ್ನ ಮುಖ ನಿಮಗೆ ಕಾಣುತ್ತಿಲ್ಲ, ನನ್ನ ಕೈಯಲ್ಲಿರುವ ಕಾಗದವೂ ಕಾಣುತ್ತಿಲ್ಲ. ಆದರೂ ಏನೂ ತೊಂದರೆಯಿಲ್ಲ, ಅಲ್ವಾ? ಯಾಕೆಂದರೆ ಇದನ್ನು ಕೇಳುವವರಿಗೆ ಅಂತಲೇ ಬರೆದಿದ್ದೇನೆ. ಈಗ ಒಂದು ಸಣ್ಣ ಪ್ರಯೋಗ ಮಾಡೋಣ. ಒಂದು ವಿಶ್ವವಿದ್ಯಾಲಯದ ವೆಬ್‌ಸೈಟನ್ನು ನಿಮಗೆ ಓದಿ ಹೇಳುತ್ತೇನೆ. ಕಣ್ಣು ಕಾಣದ ವಿದ್ಯಾರ್ಥಿಯ ಕಂಪ್ಯೂಟರ್ ಅದನ್ನು ಹೇಗೆ ಓದುತ್ತದೋ ಹಾಗೆಯೇ ಓದುತ್ತೇನೆ. ಕೇಳಿ.

"ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಗ್ರಾಫಿಕ್, ಐಎಂಜಿ ಅಂಡರ್‌ಸ್ಕೋರ್ 2047 ಡಾಟ್ ಜೆಪಿಜಿ. ಬಟನ್. ಬಟನ್. ಲಿಂಕ್, ಇನ್ನಷ್ಟು ಓದಿ. ಲಿಂಕ್, ಇನ್ನಷ್ಟು ಓದಿ."

ಏನಾದರೂ ಗೊತ್ತಾಯಿತಾ? ಆ ಮೂರು 'ಇಲ್ಲಿ ಕ್ಲಿಕ್ ಮಾಡಿ'ಗಳಲ್ಲಿ ಒಂದು ಪರೀಕ್ಷೆಯ ವೇಳಾಪಟ್ಟಿ, ಒಂದು ಶುಲ್ಕದ ವಿವರ, ಒಂದು ಹಾಸ್ಟೆಲ್ ಅರ್ಜಿ. ಯಾವುದು ಯಾವುದು ಅಂತ ಹೇಗೆ ಹೇಳುತ್ತೀರಿ? ನಡುವೆ ಒಂದು ಗ್ರಾಫಿಕ್ ಬಂತಲ್ಲ, ಅದು ಶುಲ್ಕ ಕಟ್ಟಲು ಕೊನೆಯ ದಿನಾಂಕ ಬರೆದಿದ್ದ ಪೋಸ್ಟರ್. ಆ ದಿನಾಂಕ ಚಿತ್ರದೊಳಗೇ ಉಳಿಯಿತು. ಓದುವ ಯಂತ್ರದ ಕೈಗೆ ಸಿಕ್ಕಿದ್ದು ಕಡತದ ಹೆಸರು ಮಾತ್ರ.

ಹೀಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಇದೇನೂ ಅಪರೂಪದ ವಸ್ತುವಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರುಮಾಡಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ಅದನ್ನು ಯಾರು ಬೇಕಾದರೂ ಒಂದು ಪೈಸೆ ಕೊಡದೆ ತಮ್ಮ ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಳ್ಳಬಹುದು. ಐಫೋನಿನಲ್ಲಿ 2009ರಿಂದ ವಾಯ್ಸ್‌ಓವರ್ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಅಂದರೆ ವಿದ್ಯಾರ್ಥಿ ತನ್ನ ಕಡೆಯಿಂದ ತಯಾರಾಗಿಯೇ ಬಂದಿದ್ದಾನೆ. ತಯಾರಿಲ್ಲದಿರುವುದು ನಮ್ಮ ವೆಬ್‌ಸೈಟ್.

ಇದನ್ನು ಹೇಗೆ ಸರಿಮಾಡುವುದು ಅಂತ ಕೇಳಿದರೆ ನನ್ನದು ಒಂದೇ ಮಾತು. ಮೌಸ್ ಮುಟ್ಟದೆ ಒಂದು ಅರ್ಜಿ ತುಂಬಿ ನೋಡಿ. ನೀವು ಕುಲಸಚಿವರಾಗಿರಿ, ಸುತ್ತೋಲೆ ಹಾಕುವ ಗುಮಾಸ್ತರಾಗಿರಿ, ವೆಬ್‌ಸೈಟ್ ಮಾಡಿಕೊಟ್ಟ ಇಂಜಿನಿಯರ್ ಆಗಿರಿ. ಮೌಸನ್ನು ಪಕ್ಕಕ್ಕಿಡಿ. ಮುಂದಕ್ಕೆ ಹೋಗಲು ಟ್ಯಾಬ್ ಕೀಲಿ, ಹಿಂದಕ್ಕೆ ಬರಲು ಶಿಫ್ಟ್ ಮತ್ತು ಟ್ಯಾಬ್, ಒಪ್ಪಿಗೆ ಕೊಡಲು ಎಂಟರ್, ಗುರುತು ಹಾಕಲು ಸ್ಪೇಸ್, ಪಟ್ಟಿಯಿಂದ ಆರಿಸಲು ಬಾಣದ ಕೀಲಿಗಳು. ಇಷ್ಟರಲ್ಲೇ ನಿಮ್ಮ ವಿಶ್ವವಿದ್ಯಾಲಯದ ಒಂದು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತುಂಬಿ.

ಕೀಬೋರ್ಡೇ ಯಾಕೆ? ಸ್ಕ್ರೀನ್ ರೀಡರ್ ಬಳಸುವವರಿಗೆ ಮೌಸಿನ ಬಾಣ ಎಲ್ಲಿದೆ ಅಂತ ಕಾಣುವುದಿಲ್ಲ. ಕೈ ನಡುಗುವವರಿಗೆ ಆ ಬಾಣವನ್ನು ಒಂದು ಕಡೆ ನಿಲ್ಲಿಸಲು ಆಗುವುದಿಲ್ಲ. ಕೈಗಳಲ್ಲಿ ಶಕ್ತಿಯೇ ಇಲ್ಲದವರು ಬಾಯಲ್ಲಿ ಕಡ್ಡಿ ಹಿಡಿದು ಕೀಲಿ ಒತ್ತುತ್ತಾರೆ. ತಲೆ ತಾಗಿಸಿ ಒಂದೇ ಒಂದು ಸ್ವಿಚ್ ಒತ್ತುವವರೂ ಇದ್ದಾರೆ. ಸಾಧನ ಬೇರೆ ಬೇರೆ ಇರಬಹುದು, ವೆಬ್‌ಸೈಟಿನ ಒಳಗೆ ಇವರೆಲ್ಲ ಬರುವ ದಾರಿ ಮಾತ್ರ ಹೆಚ್ಚುಕಡಿಮೆ ಒಂದೇ, ಕೀಬೋರ್ಡಿನ ದಾರಿ. ಅದು ಮುಚ್ಚಿದ್ದರೆ ಎಲ್ಲರಿಗೂ ಮುಚ್ಚಿದ ಹಾಗೆ.

ನನಗೆ ಇದು ಹೇಗೆ ಅರ್ಥವಾಯಿತು ಅಂತ ಹೇಳಬೇಕು. ಸ್ವಲ್ಪ ಉದ್ದದ ಕಥೆ, ಆದರೆ ಇದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದ ಆಗದು.

ಒಂದು ವಿಶ್ವವಿದ್ಯಾಲಯಕ್ಕೆ ಪರೀಕ್ಷೆ ಅರ್ಜಿಯ ಪುಟ ಮಾಡಿಕೊಟ್ಟ ತಂಡದಲ್ಲಿ ನಾನಿದ್ದೆ. ಪುಟ ಚೆನ್ನಾಗಿ ಕಾಣುತ್ತಿತ್ತು. ಎಲ್ಲರೂ ಮೆಚ್ಚಿಕೊಂಡರು. ಕೆಲವು ತಿಂಗಳ ಮೇಲೆ, ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿ ಅರ್ಜಿ ತುಂಬಲು ಆಗುತ್ತಿಲ್ಲ ಎಂದು ದೂರು ಕೊಟ್ಟಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಏನು ತೊಂದರೆ ನೋಡಿ ಬಾ ಅಂತ ನನ್ನನ್ನು ಕಳಿಸಿದರು.

ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಲ್ಯಾಪ್‌ಟಾಪ್ ಮಾತಾಡತೊಡಗಿತು. ಎಷ್ಟು ವೇಗ ಅಂದರೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ಮಾತ್ರ ಆರಾಮಾಗಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಸುಮ್ಮನಿದ್ದದ್ದು ಗೊತ್ತಾಗಿ, "ಮೇಡಂ, ನಿಮಗೋಸ್ಕರ ಸ್ಪೀಡ್ ಕಡಿಮೆ ಮಾಡ್ತೀನಿ" ಎಂದಳು.

ಅರ್ಜಿಯ ಪುಟ ತೆರೆದಳು. ಟ್ಯಾಬ್ ಒತ್ತಿದಳು. ಮೆನುವಿನ ಮೊದಲ ಲಿಂಕ್. ಮತ್ತೆ ಟ್ಯಾಬ್, ಎರಡನೆಯ ಲಿಂಕ್. ಹೀಗೆ ಒತ್ತುತ್ತಾ ಹೋದಳು. ನಾನು ಎಣಿಸಿದೆ. ಅರ್ಜಿಯ ಮೊದಲ ಪೆಟ್ಟಿಗೆ ಸಿಗುವ ಹೊತ್ತಿಗೆ 62 ಸಲ ಒತ್ತಿಯಾಗಿತ್ತು. ನಾವು ಪುಟದ ಮೇಲ್ತುದಿಯಲ್ಲಿ 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಒಂದು ಲಿಂಕ್ ಕೊಟ್ಟಿದ್ದರೆ ಒಂದೇ ಎಂಟರಿನಲ್ಲಿ ಮುಗಿಯುತ್ತಿತ್ತು. ಕೊಟ್ಟಿರಲಿಲ್ಲ.

ಪೆಟ್ಟಿಗೆಗೆ ಬಂದ ಮೇಲೆ ಕಂಪ್ಯೂಟರ್ ಹೇಳಿದ್ದು, "ಎಡಿಟ್. ಖಾಲಿ." ಮುಂದಿನದು, "ಎಡಿಟ್. ಖಾಲಿ." ಅದರ ಮುಂದಿನದೂ ಹಾಗೇ. ಪರದೆ ಮೇಲೆ ನನಗೆ ಹೆಸರು, ತಂದೆಯ ಹೆಸರು, ನೋಂದಣಿ ಸಂಖ್ಯೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಆ ಪದಗಳನ್ನು ಪೆಟ್ಟಿಗೆಯ ಪಕ್ಕದಲ್ಲಿ ಬರೀ ಬರೆದಿದ್ದೆವು, ಕೋಡ್‌ನಲ್ಲಿ ಪೆಟ್ಟಿಗೆಗೆ ಜೋಡಿಸಿರಲಿಲ್ಲ. ಹೀಗಾಗಿ ಇದು ಹೆಸರಿನ ಪೆಟ್ಟಿಗೆ ಅಂತ ಸ್ಕ್ರೀನ್ ರೀಡರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಅವಳು ಅಂದಾಜಿನಲ್ಲಿ ತುಂಬಿದಳು. ಎರಡು ಕಡೆ ತಪ್ಪಾಯಿತು. ಸಲ್ಲಿಸಿದಾಗ ಉತ್ತರ ಬಂತು: "ಕೆಂಪು ಬಣ್ಣದ ಪೆಟ್ಟಿಗೆಗಳನ್ನು ಸರಿಪಡಿಸಿ."

ಕೆಂಪು ಬಣ್ಣದ ಪೆಟ್ಟಿಗೆಗಳು. ಅವಳು ನನ್ನ ಕಡೆ ತಿರುಗಿ, "ಯಾವುದು ಮೇಡಂ?" ಎಂದು ಕೇಳಿದಳು. ಆ ವಾಕ್ಯ ಬರೆದವರು ನಮ್ಮ ತಂಡದವರೇ. ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳು ನಾನು.

ಇನ್ನೂ ಇದೆ. ಹುಟ್ಟಿದ ದಿನಾಂಕಕ್ಕೆ ಒಂದು ಕ್ಯಾಲೆಂಡರ್ ಇಟ್ಟಿದ್ದೆವು. ಮೌಸಿನಲ್ಲಿ ಕ್ಲಿಕ್ ಮಾಡಿದರೆ ಮಾತ್ರ ತೆರೆಯುತ್ತಿತ್ತು. ಕೈಯಿಂದ ಟೈಪ್ ಮಾಡೋಣ ಎಂದರೆ, ತಪ್ಪು ದಿನಾಂಕ ಹಾಕಿಬಿಡುತ್ತಾರೆ ಅಂತ ಟೈಪಿಂಗನ್ನೇ ತಡೆದಿದ್ದೆವು. ತನ್ನ ಹುಟ್ಟಿದ ದಿನ ಅವಳಿಗೆ ಗೊತ್ತು, ಟೈಪ್ ಮಾಡಲೂ ಗೊತ್ತು, ಆದರೂ ಹಾಕುವ ಹಾಗಿಲ್ಲ. ಅದನ್ನು ನಾನೇ ಮೌಸ್ ಹಿಡಿದು ಹಾಕಿಕೊಟ್ಟೆ. ಆಮೇಲೆ ಕ್ಯಾಪ್ಚಾ, ತುಂಬುತ್ತಿರುವುದು ಯಂತ್ರವಲ್ಲ, ಮನುಷ್ಯರೇ ಅಂತ ಖಚಿತ ಮಾಡಿಕೊಳ್ಳುವ ಪರೀಕ್ಷೆ. ಸೊಟ್ಟ ಸೊಟ್ಟ ಅಕ್ಷರಗಳ ಚಿತ್ರ, ಕೇಳಿಸಿಕೊಳ್ಳುವ ಸೌಲಭ್ಯ ಇಲ್ಲ. ಅದನ್ನೂ ನಾನೇ ಓದಿ ಹೇಳಬೇಕು ಅನ್ನುವಷ್ಟರಲ್ಲಿ ಪುಟ ಹಾರಿಹೋಯಿತು. 15 ನಿಮಿಷ ಮುಗಿದಿತ್ತು. ತುಂಬಿದ್ದೆಲ್ಲ ಅಳಿಸಿಹೋಯಿತು. ಮುಂಚಿತವಾಗಿ ಒಂದು ಎಚ್ಚರಿಕೆಯ ಮಾತೂ ಬರಲಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. "ಪರವಾಗಿಲ್ಲ ಮೇಡಂ, ರೂಮ್‌ಮೇಟ್ ಬರ್ತಾಳೆ. ಪ್ರತಿ ಸಲ ಅವಳೇ ತುಂಬೋದು. ನನ್ನ ಪಾಸ್‌ವರ್ಡ್ ಅವಳಿಗೆ ಗೊತ್ತು. ನನ್ನ ಮಾರ್ಕ್ಸ್ ಕೂಡ ನನಗಿಂತ ಮೊದಲು ಅವಳಿಗೇ ಗೊತ್ತಾಗತ್ತೆ" ಎಂದಳು.

ಯೋಚಿಸಿ. ವಯಸ್ಸಿಗೆ ಬಂದ ಹುಡುಗಿ, ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ತನ್ನ ಅಂಕ ತಾನು ಮೊದಲು ನೋಡುವಂತಿಲ್ಲ, ತನ್ನ ಗುಟ್ಟು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಕಾರಣ ಅವಳ ಕಣ್ಣಲ್ಲ, ನಾವು ಬರೆದ ಕೋಡ್.

ಸರಿಮಾಡಲು ನಮ್ಮ ತಂಡದ ಇಬ್ಬರಿಗೆ ಹಿಡಿದದ್ದು ನಾಲ್ಕು ದಿನ. ಪ್ರತಿ ಪೆಟ್ಟಿಗೆಗೂ ಅದರ ಹೆಸರನ್ನು ಜೋಡಿಸಿದೆವು, ಪೆಟ್ಟಿಗೆಗೆ ಒಂದು ಸಾಲಿನ ಕೆಲಸ. ದಿನಾಂಕವನ್ನು ಟೈಪ್ ಮಾಡಲು ಬಿಟ್ಟೆವು. ತಪ್ಪಿದ್ದಲ್ಲಿ "ನೋಂದಣಿ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ" ಎಂದು ಮಾತಿನಲ್ಲೇ ಬರೆದೆವು. ಕ್ಯಾಪ್ಚಾ ತೆಗೆದು ಅದರ ಕೆಲಸವನ್ನು ಸರ್ವರಿನಲ್ಲೇ ಮಾಡಿಕೊಂಡೆವು. ಸಮಯ ಮುಗಿಯುವ ಮುಂಚೆ "ಇನ್ನಷ್ಟು ಹೊತ್ತು ಬೇಕೇ?" ಎಂದು ಕೇಳುವ ಹಾಗೆ ಮಾಡಿದೆವು. ಹೀಗೆ ಎಚ್ಚರಿಸಿ, ಉತ್ತರ ಕೊಡಲು ಕನಿಷ್ಠ 20 ಸೆಕೆಂಡ್ ಬಿಡಬೇಕು ಎಂಬುದು ವೆಬ್‌ಸೈಟುಗಳು ಅಂಗವಿಕಲರಿಗೂ ಬಳಸಲು ಬರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಆ ಮಾರ್ಗಸೂಚಿ ಮೊದಲು ಬಂದದ್ದು 1999ರಲ್ಲಿ. 2023ರಲ್ಲಿ ಅದರ 2.2 ಆವೃತ್ತಿ ಬಂದಿದೆ. ಇಷ್ಟು ವರ್ಷಗಳಿಂದ ಬರೆದಿಟ್ಟಿರುವುದನ್ನು ನಾವು ತೆರೆದೂ ನೋಡಿರಲಿಲ್ಲ.

ನಾವು ಯಾರಾದರೂ ಒಬ್ಬರು, ಒಂದೇ ಒಂದು ಸಲ, ಮೌಸ್ ಮುಟ್ಟದೆ ಆ ಅರ್ಜಿ ತುಂಬಿದ್ದರೆ? ಕ್ಯಾಲೆಂಡರ್ ಹತ್ತಿರ ಬಂದಾಗಲೇ ಸಿಕ್ಕಿಬೀಳುತ್ತಿದ್ದೆವು.

ಇಂಜಿನಿಯರುಗಳಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಟ್ಯಾಬ್ ಒತ್ತಿದಾಗ ಈಗ ಎಲ್ಲಿದ್ದೇವೆ ಅಂತ ತೋರಿಸಲು ಬಟನ್ ಸುತ್ತ ಒಂದು ಗೆರೆ ಬರುತ್ತದಲ್ಲ, ಅದು ಚಂದ ಕಾಣಲ್ಲ ಅಂತ ತೆಗೆದುಹಾಕುತ್ತೀರಿ. 'ಔಟ್‌ಲೈನ್ ನನ್' ಅಂತ ಒಂದು ಸಾಲು, ಕೆಲಸ ಮುಗಿಯಿತು. ದಯವಿಟ್ಟು ಬೇಡ. ಕಣ್ಣು ಕಾಣುವ, ಆದರೆ ಕೈ ಆಡದ ವಿದ್ಯಾರ್ಥಿಗೆ ದಾರಿ ತೋರಿಸುವುದು ಆ ಗೆರೆಯೇ. ಹಾಗೆಯೇ ಬಟನ್ ಬೇಕಿದ್ದರೆ ಬಟನ್ನೇ ಹಾಕಿ. ಸುಮ್ನೆ ಒಂದು ಚೌಕಕ್ಕೆ ಬಣ್ಣ ಬಳಿದು ಬಟನ್ ತರಹ ಕಾಣಿಸಿದರೆ ಟ್ಯಾಬ್ ಅದರ ಹತ್ತಿರ ನಿಲ್ಲುವುದೇ ಇಲ್ಲ.

ನನಗೆ ಕೊಟ್ಟ ಸಮಯದಲ್ಲಿ ಇನ್ನು ಉಳಿದಿರುವುದು ಸ್ವಲ್ಪ. ಬಾಕಿ ಮಾತುಗಳನ್ನು ಬೇಗ ಹೇಳಿಬಿಡುತ್ತೇನೆ.

ಸುತ್ತೋಲೆ. ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತೀರಿ. ಪ್ರಿಂಟ್ ತೆಗೆಯುತ್ತೀರಿ, ಸಹಿ, ಮೊಹರು ಹಾಕಿಸುತ್ತೀರಿ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುತ್ತೀರಿ. ಅಲ್ಲಿಗೆ ಅಕ್ಷರವೆಲ್ಲ ಹೋಗಿ ಬರೀ ಫೋಟೋ ಉಳಿಯುತ್ತದೆ. ಸ್ಕ್ರೀನ್ ರೀಡರಿಗೆ ಅದು ಖಾಲಿ ಹಾಳೆ. ಸಹಿ ಇರುವ ಪ್ರತಿಯ ಜೊತೆಗೆ ಟೈಪ್ ಮಾಡಿದ ಮಾತನ್ನೂ ಪುಟದಲ್ಲಿ ಹಾಕಿ. ಎರಡು ನಿಮಿಷದ ಕೆಲಸ. ತಲೆಬರಹಗಳನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ, ತಲೆಬರಹದ ಶೈಲಿಯನ್ನೇ ಆರಿಸಿ. ಆಗ ಎಚ್ ಕೀಲಿ ಒತ್ತಿದರೆ ಸ್ಕ್ರೀನ್ ರೀಡರ್ ಒಂದು ತಲೆಬರಹದಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಪಾಠದ ವಿಡಿಯೋ. ಕಿವಿ ಕೇಳದವರಿಗೆ ಕೆಳಗೆ ಅಕ್ಷರದಲ್ಲಿ ಮಾತು ಬರಬೇಕು. ಕಂಪ್ಯೂಟರ್ ತಾನಾಗಿ ಹಾಕುವ ಅಕ್ಷರಗಳನ್ನು ಒಬ್ಬರು ಕೂತು ತಿದ್ದಬೇಕು, ಪಾರಿಭಾಷಿಕ ಪದಗಳೇ ಜಾಸ್ತಿ ಕೆಡುತ್ತವೆ. ಇದನ್ನು ಆಮೇಲೆ ಮಾಡೋಣ ಅಂತ ಬಿಟ್ಟರೆ ಏನಾಗುತ್ತದೆ ಗೊತ್ತಾ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಪಾಠಗಳನ್ನು ವರ್ಷಗಟ್ಟಲೆ ಉಚಿತವಾಗಿ ಹಾಕುತ್ತಾ ಬಂತು. ಅವುಗಳಲ್ಲಿ ಹಲವು ಅಂಗವಿಕಲರಿಗೆ ಬಳಸಲು ಬರುವುದಿಲ್ಲ ಎಂದು ಅಲ್ಲಿನ ನ್ಯಾಯ ಇಲಾಖೆ 2016ರಲ್ಲಿ ಹೇಳಿತು. ಮರುವರ್ಷ 20,000ಕ್ಕೂ ಹೆಚ್ಚು ವಿಡಿಯೋ, ಆಡಿಯೋ ಪಾಠಗಳನ್ನು ಸಾರ್ವಜನಿಕರಿಂದ ಹಿಂದಕ್ಕೆ ತೆಗೆದುಕೊಂಡರು. ನನಗೆ ಈಗಲೂ ಬೇಜಾರು. ಮೊದಲ ಪಾಠದಿಂದಲೇ ಅಕ್ಷರ ಹಾಕುತ್ತಾ ಬಂದಿದ್ದರೆ ಕೆಲಸ ಅಷ್ಟು ರಾಶಿ ಬೀಳುತ್ತಿರಲಿಲ್ಲ.

ಬಣ್ಣ. ಬಿಳಿ ಹಾಳೆಯ ಮೇಲೆ ತಿಳಿ ಬೂದು ಅಕ್ಷರ ಈಗಿನ ಫ್ಯಾಷನ್. ದೃಷ್ಟಿ ಮಂದ ಇರುವವರಿಗೆ ಅದು ಕಾಣುವುದೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ, ಅಂದರೆ ಕಾಂಟ್ರಾಸ್ಟ್, ಇರಬೇಕು. ಅಳೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಕೊನೆಯದಾಗಿ, ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರ ಇರುವ ಒಂದು ಗುಂಡಿ. ಇದೊಂದು ಹಾಕಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಅಂತ ಮಾರಲು ಬರುತ್ತಾರೆ. ನಂಬಬೇಡಿ. ಅಕ್ಷರ ದೊಡ್ಡದು ಮಾಡುತ್ತದೆ, ಬಣ್ಣ ಬದಲಿಸುತ್ತದೆ. ಅದೆಲ್ಲ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಮೊದಲೇ ಇದೆ. ಮೌಸಿಗೆ ಮಾತ್ರ ತೆರೆಯುವ ಆ ಕ್ಯಾಲೆಂಡರ್ ಮೌಸಿಗೆ ಮಾತ್ರವೇ ತೆರೆಯುತ್ತಿರುತ್ತದೆ. ಆ ದುಡ್ಡಿನಲ್ಲಿ ನಿಮ್ಮಲ್ಲೇ ಓದುತ್ತಿರುವ ಇಬ್ಬರು ಅಂಗವಿಕಲ ವಿದ್ಯಾರ್ಥಿಗಳಿಗೆ ಸಂಬಳ ಕೊಟ್ಟು ವೆಬ್‌ಸೈಟ್ ಪರೀಕ್ಷೆ ಮಾಡಿಸಿ. ತೊಂದರೆಯಾದರೆ ಯಾರಿಗೆ ಹೇಳಬೇಕು ಅಂತ ಒಂದು ಫೋನ್ ನಂಬರು, ಒಂದು ಇಮೇಲ್ ಪ್ರತಿ ಪುಟದ ಕೆಳಗೂ ಹಾಕಿ. ಆ ಫೋನನ್ನು ಎತ್ತಲು ಒಬ್ಬರು ಇರಲಿ.

ನಮ್ಮ ಆ ಅರ್ಜಿಯ ಪುಟದಲ್ಲಿ ಈಗ ಹಾಗೊಂದು ನಂಬರು ಇದೆ. ಮುಂದಿನ ಪರೀಕ್ಷೆ ಅರ್ಜಿಯ ಸಮಯದಲ್ಲಿ ಮೊದಲ ಕರೆ ಅವಳದ್ದೇ. "ಮೇಡಂ, ನಾನೇ ತುಂಬಿದೆ. ಆದರೆ ಶುಲ್ಕ ಕಟ್ಟುವ ಪುಟದಲ್ಲಿ ಇನ್ನೂ ಎರಡು ಬಟನ್ ಬರೀ 'ಬಟನ್' ಅಂತಿವೆ." ಅವತ್ತು ಸಂಜೆಯೇ ಅವಕ್ಕೆ ಹೆಸರು ಕೊಟ್ಟೆವು.

ನಮಸ್ಕಾರ.