ನುಡಿಸಿದವರ ಪಾಲು

ಕೇಳುಗರಿಗೆ ನಮಸ್ಕಾರ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆ ಗ್ರಾಮಫೋನ್ ತಟ್ಟೆಗೆ ಇಳಿಯಿತು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದ ಆ ಕಂಠ ದೇಶದ ಉದ್ದಗಲಕ್ಕೂ ಹೋಯಿತು. ಆದರೆ ಅದೇ ಗಾಯಕಿ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು. ಧ್ವನಿ ಊರೂರು ತಿರುಗಿದ ಮಾತ್ರಕ್ಕೆ ಹಾಡಿದವರ ಮನೆಯ ಒಲೆ ಉರಿಯುವುದಿಲ್ಲವೆಂಬುದು ಧ್ವನಿಮುದ್ರಣದಷ್ಟೇ ಹಳೆಯ ಸಂಗತಿ.

ಈಗ ಆ ತಟ್ಟೆಯ ಜಾಗದಲ್ಲಿ ಮೊಬೈಲ್ ಇದೆ. ಯೂಟ್ಯೂಬಿನಲ್ಲಿ ಉದ್ದನೆಯ ವಿಡಿಯೋಗಳ ಜಾಹೀರಾತಿನ ಹಣದಲ್ಲಿ ಪಾಲು ಬರಬೇಕಾದರೆ 1,000 ಚಂದಾದಾರರೂ ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆಯೂ ಬೇಕು. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವೇ (ರಾಯಲ್ಟಿ) ಇಲ್ಲ. ವಚನವನ್ನೋ ತತ್ವಪದವನ್ನೋ ಹಾಡುವ ಹೊಸಬರು ಈ ಹಣವನ್ನೇ ನಂಬಿ ಕುಳಿತರೆ ಸಂಸಾರ ಸಾಗದು. ಅಲ್ಲಿ ಹಾಕಿದ ಹಾಡು ನಾಲ್ಕು ಜನಕ್ಕೆ ನಮ್ಮ ಪರಿಚಯ ಮಾಡಿಸುತ್ತದೆ, ಕಛೇರಿಗೆ ಕರೆ ತರುತ್ತದೆ, ಶಿಷ್ಯರನ್ನು ತರುತ್ತದೆ; ದುಡಿಮೆ ಇರುವುದು ಅದರ ಮುಂದೆ.

2020ರ ಮಾರ್ಚಿನಲ್ಲಿ ಕಛೇರಿಗಳೆಲ್ಲ ನಿಂತುಹೋದಾಗ ಪಿಟೀಲು ನುಡಿಸುವ ನಾನು ಕಂಪ್ಯೂಟರಿನ ಮುಂದೆ ಪಾಠಕ್ಕೆ ಕುಳಿತೆ. ಬೇಸಿಗೆಯಲ್ಲಿ ನಮಗೆ ಬೆಳಗಿನ ಐದು ಗಂಟೆಯಾದರೆ ಕ್ಯಾಲಿಫೋರ್ನಿಯಾದ ಕನ್ನಡದ ಮಕ್ಕಳಿಗೆ ಹಿಂದಿನ ದಿನದ ಸಂಜೆ ನಾಲ್ಕೂವರೆ. ಮೊದಲ ವಾರವೆಲ್ಲ ಶಿಷ್ಯೆಗೆ ನನ್ನ ತಂಬೂರಿಯೇ ಕೇಳಿಸುತ್ತಿರಲಿಲ್ಲ, ಪಿಟೀಲಿನಲ್ಲಿ ಎಳೆದು ನಿಲ್ಲಿಸಿದ ಸ್ವರ, ಅಂದರೆ ಕಾರ್ವೆಯೂ ನಡುವೆಯೇ ಕರಗಿಹೋಗುತ್ತಿತ್ತು. ಮಾತಿಗಾಗಿ ಮಾಡಿದ ಆ ವಿಡಿಯೋ ಕರೆಯ ತಂತ್ರಾಂಶ ಎಡೆಬಿಡದ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತಿತ್ತೆಂದು ಆಮೇಲೆ ಗೊತ್ತಾಯಿತು. ಸೆಟ್ಟಿಂಗಿನಲ್ಲಿ ಆ ಶೋಧನೆಯನ್ನು ನಿಲ್ಲಿಸಿದ ಮೇಲೆ ಶ್ರುತಿ ಕಡಿಯದೆ ಕೇಳಿಸಿತು. ಶಬ್ದ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕುವಂತಿಲ್ಲ, ನಾನು ಒಂದು ಸಾಲು ನುಡಿಸಿ ನಿಲ್ಲಿಸಬೇಕು, ಅವಳು ಅದನ್ನು ಹಿಂದಿರುಗಿಸಬೇಕು. ಎದುರು ಕೂರಿಸಿ ಹೇಳುವ ಪಾಠಕ್ಕೆ ಇದು ಸಮವೆಂದು ನಾನು ಹೇಳಲಾರೆ. ಆದರೂ ತಿಂಗಳು ತಿಂಗಳು ತಪ್ಪದೆ ಬರುವ ಈ ಶುಲ್ಕದಿಂದಲೇ ನನ್ನಂಥ ಪಕ್ಕವಾದ್ಯದವರ ಎಷ್ಟೋ ಮನೆಗಳು ಆ ವರ್ಷ ನಿಂತವು, ಇಂದಿಗೂ ನಿಂತಿವೆ.

ಇನ್ನು ಹಕ್ಕಿನ ವಿಷಯ. ಕ್ಯಾಸೆಟ್ಟಿನ ಕಾಲದಲ್ಲಿ ನಾನೊಂದು ಭಕ್ತಿಗೀತೆಗಳ ಮುದ್ರಣಕ್ಕೆ ನುಡಿಸಿ, ಒಂದೇ ಗಂಟಿನ ಸಂಭಾವನೆ ಪಡೆದು, ಓದದೆಯೇ ಸಹಿ ಮಾಡಿದ್ದೆ. ಅದೇ ಮುದ್ರಣ ಇಂದು ಅಂತರಜಾಲದಲ್ಲಿದೆ. ಅದರಲ್ಲಿ ನನ್ನ ಹೆಸರೂ ಇಲ್ಲ, ಪಾಲೂ ಇಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ, ಸಿನಿಮಾದಲ್ಲಾಗಲಿ ಧ್ವನಿಮುದ್ರಣದಲ್ಲಾಗಲಿ ಬಳಸುವ ಗೀತೆಯ ರಚನಕಾರರೂ ಸಂಗೀತ ಸಂಯೋಜಕರೂ ತಮ್ಮ ಗೌರವಧನದ ಹಕ್ಕನ್ನು ಬಿಟ್ಟುಕೊಡುವಂತಿಲ್ಲವೆಂದು ಹೇಳಿತು. ಹಾಡಿದವರಿಗೂ ನುಡಿಸಿದವರಿಗೂ ವಾಣಿಜ್ಯ ಬಳಕೆಯಲ್ಲಿ ಗೌರವಧನವನ್ನು ಒಪ್ಪಿತು. ರಚನಕಾರರ ಪರವಾಗಿ ಅದನ್ನು ವಸೂಲು ಮಾಡಿ ಹಂಚಲು 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆಯೂ ಇದೆ. ಸ್ವಂತ ರಾಗಸಂಯೋಜನೆ ಮಾಡುವ ನಮ್ಮ ಸುಗಮ ಸಂಗೀತದವರು ಅದರ ಸದಸ್ಯರಾಗದೆ ಉಳಿದರೆ ಅದು ಕೈಗೆ ಬಂದ ತುತ್ತನ್ನು ಬಿಟ್ಟಂತೆ.

ಪುರಂದರದಾಸರ ಪದಗಳಿಗೆ ಯಾರ ಸ್ವಾಮ್ಯವೂ ಇಲ್ಲ. ಆದರೂ ನನ್ನ ಶಿಷ್ಯೆಯೊಬ್ಬಳು ಬರಿಯ ತಂಬೂರಿಯೊಡನೆ ಹಾಡಿ ಯೂಟ್ಯೂಬಿಗೆ ಹಾಕಿದ ದೇವರನಾಮವನ್ನು ಒಂದು ಸಂಸ್ಥೆ ತನ್ನದೆಂದು ಹಕ್ಕು ಹೂಡಿತು. ಅಲ್ಲಿನ ಯಂತ್ರ ಧಾಟಿಯನ್ನು ಹೋಲಿಸಿ ನೋಡುತ್ತದೆ, ಹಾಡಿದವರು ಯಾರೆಂದು ಅದಕ್ಕೆ ತಿಳಿಯದು. ಅವಳು ಹೆದರಿ ಹಾಡನ್ನು ತೆಗೆಯಲು ಹೊರಟಿದ್ದಳು. ನಾನು ತಡೆದು, ಇದು ದಾಸರ ಪದ, ಹಾಡಿದವಳು ನಾನೇ ಎಂದು ಅವಳಿಂದ ಆಕ್ಷೇಪಣೆ ಬರೆಸಿದೆ. ಹಕ್ಕು ಹೂಡಿದವರಿಗೆ ಉತ್ತರ ಕೊಡಲು 30 ದಿನಗಳ ಗಡುವಿರುತ್ತದೆ. ಆ ಗಡುವಿನೊಳಗೇ ಅವರು ಹಿಂದೆ ಸರಿದರು.

ಮೊನ್ನೆ ಅವಳು ಹೊಸ ಮುದ್ರಣಕ್ಕೆ ಹೊರಟಾಗ, ಮೃದಂಗದವರ ಹೆಸರನ್ನೂ ಅವರಿಗೆ ಸಲ್ಲಬೇಕಾದ ಪಾಲನ್ನೂ ಒಂದು ಹಾಳೆಯಲ್ಲಿ ಬರೆದು, ಶ್ರುತಿ ಸೇರಿಸುವ ಮೊದಲೇ ಇಬ್ಬರೂ ಸಹಿ ಹಾಕಿದರು.