ಚರ್ಚ್‌ನ ಕ್ಯೂಆರ್ ಕೋಡ್‌ಗಳನ್ನೆಲ್ಲ ಬದಲಾಯಿಸಿದ ದಿನ

ಎಲ್ಲರಿಗೂ ನಮಸ್ಕಾರ. ಇವತ್ತು ಚರ್ಚ್‌ನಲ್ಲಿರುವ ಕ್ಯೂಆರ್ ಕೋಡ್‌ಗಳನ್ನೆಲ್ಲ ಕಿತ್ತು ಹೊಸದು ಅಂಟಿಸುವ ಕೆಲಸ. ಬಾಗಿಲ ಪಕ್ಕದ ನೋಟಿಸ್ ಬೋರ್ಡ್, ಬೆಂಚುಗಳ ಹಿಂಭಾಗ, ಸಂಡೇ ಸ್ಕೂಲ್ ಕೋಣೆ, ಆಮೇಲೆ ನಾಳೆಯ ಬುಲೆಟಿನ್. ಕೀಳುವುದು ನಿಮಗೇ ಕಾಣಿಸುತ್ತಿದೆ. ಯಾಕೆ ಕೀಳುತ್ತಿದ್ದೇವೆ ಅನ್ನೋದನ್ನ ಹೇಳುತ್ತೇನೆ.

ಇಲ್ಲಿ ನೋಡಿ, ಬೆಂಚಿನ ಮೇಲಿನ ಹಳೇ ಕೋಡ್. ‘ಪ್ರಾರ್ಥನೆ ಬೇಕೇ? ಸ್ಕ್ಯಾನ್ ಮಾಡಿ’ ಅಂತ ಬರೆದಿದೆ. ಮಾಡಿದೆ. ಏನು ಬಂತು? ಈ ಕೋಡ್ ನಿಂತುಹೋಗಿದೆ, ಮತ್ತೆ ಶುರು ಮಾಡಲು ದುಡ್ಡು ಕಟ್ಟಿ ಅಂತ. ಯಾರದೋ ಮನೆಯಲ್ಲಿ ಕಾಯಿಲೆ ಇರುತ್ತದೆ, ಎದ್ದು ಹೇಳೋಕೆ ಸಂಕೋಚ, ಮೆಲ್ಲಗೆ ಫೋನ್ ತೆಗೆದು ಸ್ಕ್ಯಾನ್ ಮಾಡುತ್ತಾರೆ. ಅವರಿಗೆ ಸಿಗುವುದು ಈ ಜಾಹೀರಾತು. ನನಗೆ ಕೋಪ ಬಂದಿದ್ದು ಇದಕ್ಕೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ತುಂಬಾ ಚರ್ಚ್‌ಗಳಲ್ಲಿ ಆಗಬಹುದು. ಕ್ಯೂಆರ್ ಕೋಡ್‌ನಲ್ಲಿ ಎರಡು ಬಗೆ. ಒಂದು ಸ್ಟ್ಯಾಟಿಕ್. ನಿಮ್ಮ ವಿಳಾಸವೇ ಆ ಚುಕ್ಕಿಗಳಲ್ಲಿ ಇರುತ್ತದೆ. ಅದಕ್ಕೆ ಅವಧಿ ಅನ್ನೋದೇ ಇಲ್ಲ. ಇನ್ನೊಂದು ಡೈನಾಮಿಕ್. ಅದರಲ್ಲಿ ಕೋಡ್ ಮಾಡಿಕೊಟ್ಟ ಕಂಪನಿಯ ಚಿಕ್ಕ ವಿಳಾಸ ಇರುತ್ತದೆ. ಫೋನ್ ಮೊದಲು ಅವರ ಹತ್ತಿರ ಹೋಗುತ್ತದೆ, ಅವರು ನಿಮ್ಮ ಪುಟಕ್ಕೆ ಕಳಿಸುತ್ತಾರೆ. ಅವರು ಕಳಿಸೋದು ನಿಲ್ಲಿಸಿದರೆ ಮುಗಿಯಿತು. ನಾವು ಬಳಸಿದ ಸೈಟಿನಲ್ಲಿ ‘ಉಚಿತ’ ಅನ್ನೋದು ದೊಡ್ಡ ಅಕ್ಷರದಲ್ಲಿತ್ತು. ಇದು ಟ್ರಯಲ್ ಮಾತ್ರ, ಆಮೇಲೆ ಬಂದ್ ಆಗುತ್ತದೆ ಅನ್ನೋ ಮಾತು ಎಲ್ಲೋ ಒಳಗಡೆ, ಹುಡುಕಿದರೆ ಸಿಗುವ ಜಾಗದಲ್ಲಿ. ಬುಲೆಟಿನ್ ಅಚ್ಚಾಗಿದೆ, ಸ್ಟಿಕ್ಕರ್ ಅಂಟಿಸಿ ಆಗಿದೆ, ಬ್ಯಾನರ್ ಕಟ್ಟಿ ಆಗಿದೆ. ಆಮೇಲೆ ದುಡ್ಡು ಕೇಳುತ್ತಾರೆ. ಅಚ್ಚಾಗಿರುವುದನ್ನ ನಾವು ಬಿಡಲಾರೆವು ಅಂತ ಅವರಿಗೆ ಚೆನ್ನಾಗಿ ಗೊತ್ತು. ಇದು ನ್ಯಾಯ ಅಲ್ಲ.

ಅದಕ್ಕಿಂತ ಬೇಸರದ ವಿಷಯ, ಕೋಡ್ ಸತ್ತಿದೆ ಅಂತ ನಮಗೆ ಯಾರೂ ಬಂದು ಹೇಳಲಿಲ್ಲ. ಹೇಳುವುದೂ ಇಲ್ಲ. ಜನ ಫೋನ್ ಜೇಬಿಗೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಹೊಸದಾಗಿ ಬಂದವರಂತೂ ಇನ್ನೊಂದು ಸಲ ಕೇಳೋದೇ ಇಲ್ಲ. ಪ್ರಾರ್ಥನೆ ಕೋರಿಕೆಗಳು ಕಡಿಮೆಯಾಗಿವೆ ಅಂತ ಪಾಸ್ಟರ್ ಅಂದುಕೊಂಡಿದ್ದರು. ಕಡಿಮೆ ಆಗಿರಲಿಲ್ಲ, ತಲುಪುತ್ತಿರಲಿಲ್ಲ.

ಆದ್ದರಿಂದ ಡೈನಾಮಿಕ್ ಕೋಡ್ ಚರ್ಚ್‌ಗೆ ಬೇಡವೇ ಬೇಡ... ಹಾಗಂತಲೂ ಪೂರ್ತಿ ಹೇಳೋಕಾಗಲ್ಲ. ಅಚ್ಚಾದ ಮೇಲೆ ಒಳಗಿನ ಪುಟ ಬದಲಾಯಿಸುವ ಅನುಕೂಲ ನಿಜವಾಗಿಯೂ ಬೇಕು. ಆ ಅನುಕೂಲ ನಮ್ಮ ಕೈಯಲ್ಲೇ ಇರಲಿ. ಹೊಸ ಕೋಡ್‌ನಲ್ಲಿ ಚರ್ಚ್‌ನ ಸ್ವಂತ ವೆಬ್‌ಸೈಟಿನ ವಿಳಾಸ, ಕೊನೆಯಲ್ಲಿ ಒಂದು ಪುಟ್ಟ ಪದ, ಅಷ್ಟೇ. ಅಲ್ಲಿಂದ ಫಾರ್ಮ್‌ಗೆ ಕಳಿಸುವ ರೀಡೈರೆಕ್ಟ್ ನಾವೇ ಇಟ್ಟಿದ್ದೇವೆ. ನಾಳೆ ಫಾರ್ಮ್ ಬದಲಾದರೂ ಸ್ಟಿಕ್ಕರ್ ಬದಲಾಗಲ್ಲ. ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸದ ನೋಂದಣಿ ಮಾತ್ರ ಚರ್ಚ್ ಕಮಿಟಿಯ ಇಮೇಲ್‌ನಲ್ಲಿರಲಿ. ಸಹಾಯಕ್ಕೆ ಬಂದ ಒಬ್ಬ ಹುಡುಗನ ಇಮೇಲ್‌ನಲ್ಲಿದ್ದರೆ, ಅವನು ಬೇರೆ ಊರಿಗೆ ಹೋದ ದಿನ ಮತ್ತೆ ಇದೇ ಕಥೆ.

ಇದು ಸಂಡೇ ಸ್ಕೂಲ್ ನೋಂದಣಿಯ ಕೋಡ್. ಹತ್ತಿರದಿಂದ ತೋರಿಸುತ್ತೇನೆ. ಎಷ್ಟು ಸಣ್ಣ ಚುಕ್ಕಿ ನೋಡಿ! ಫಾರ್ಮ್‌ನ ಉದ್ದದ ಲಿಂಕನ್ನ ಹಾಗೇ ಹಾಕಿದ್ದಾರೆ, ಹೆಚ್ಚುಕಡಿಮೆ 150 ಅಕ್ಷರ. ಅಷ್ಟು ಹಿಡಿಸೋಕೆ ಅಡ್ಡಕ್ಕೆ 49, ಉದ್ದಕ್ಕೆ 49 ಚೌಕ ಬೇಕಾಗಿದೆ. ಪಕ್ಕದಲ್ಲಿ ಹೊಸದು, 25ಕ್ಕೆ 25. ಎರಡೂ 4 ಸೆಂಟಿಮೀಟರ್ ಅಗಲಕ್ಕೆ ಅಚ್ಚು ಹಾಕಿದರೂ ಹೊಸದರ ಒಂದೊಂದು ಚೌಕದ ಅಗಲ ಹಳೆಯದರ ಹೆಚ್ಚುಕಡಿಮೆ ಎರಡು ಪಟ್ಟು. ವಿಳಾಸವನ್ನ ಪೂರ್ತಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಅಂದರೆ ಕ್ಯಾಪಿಟಲ್‌ನಲ್ಲಿ ಬರೆದರೆ ಕೋಡ್‌ನ ಚೌಕಗಳು ಇನ್ನೂ ಕಡಿಮೆಯಾಗಬಹುದು. ದೊಡ್ಡಕ್ಷರ, ಅಂಕಿ, ಕೆಲವೇ ಚಿಹ್ನೆಗಳಿದ್ದರೆ ಅವುಗಳನ್ನ ಕಡಿಮೆ ಜಾಗದಲ್ಲಿ ತುಂಬುವ ವಿಧಾನ ಕ್ಯೂಆರ್‌ನಲ್ಲೇ ಇದೆ. ಆದರೆ ಕೊನೆಯ ಪದ ದೊಡ್ಡಕ್ಷರದಲ್ಲಿ ಬಂದರೂ ನಿಮ್ಮ ಸೈಟ್ ತೆರೆಯುತ್ತದಾ ಅಂತ ನೋಡಿಕೊಳ್ಳಿ. ಕೆಲವು ಸೈಟ್‌ಗಳು ತೆರೆಯಲ್ಲ.

ಪ್ರಿಂಟರ್ ಓಡುತ್ತಿರುವಾಗ ಒಂದು ವಿಷಯ ಹೇಳಿಬಿಡುತ್ತೇನೆ. ಈ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ. ಮಸಾಹಿರೊ ಹಾರಾ ಮತ್ತು ಅವರ ತಂಡ ಮಾಡಿದ್ದು, ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಬಾರ್‌ಕೋಡ್‌ನಲ್ಲಿ ಸುಮಾರು 20 ಅಕ್ಷರ ಹಿಡಿಯುತ್ತಿತ್ತು, ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡ್ ಓದಿಸಬೇಕಾಗಿತ್ತು. ‘ಗೋ’ ಆಟದ ಮಣೆಯ ಕಪ್ಪು ಬಿಳಿ ಕಾಯಿಗಳನ್ನ ನೋಡಿ ಹೊಳೆಯಿತು ಅಂತ ಹಾರಾ ಹೇಳಿದ್ದಾರೆ. ನನಗೆ ಇಷ್ಟವಾಗಿದ್ದು ಏನು ಗೊತ್ತಾ? ಪೇಟೆಂಟ್ ಇದ್ದರೂ ಆ ಸಂಸ್ಥೆ ಹಕ್ಕು ಚಲಾಯಿಸಲಿಲ್ಲ, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಕಂಡುಹಿಡಿದವರೇ ಬಿಟ್ಟುಕೊಟ್ಟಿದ್ದನ್ನ ಮಧ್ಯದಲ್ಲಿ ಬಂದವರು ಹಿಡಿದಿಟ್ಟು ನಮ್ಮ ಹತ್ತಿರ... ಪ್ರಿಂಟ್ ಬಂತು, ಬನ್ನಿ.

ಮಧ್ಯದಲ್ಲಿ ಶಿಲುಬೆ ಇಡೋಣ ಅಂತ ಯುವಕರ ಗುಂಪಿನ ಆಸೆ. ಇಡಬಹುದು. ಕೋಡ್ ಮಾಡುವಾಗ ಎರರ್ ಕರೆಕ್ಷನ್, ಅಂದರೆ ತಪ್ಪು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ, ಅದರಲ್ಲಿ ‘ಎಚ್’ ಮಟ್ಟ ಆರಿಸಿದರೆ ಸುಮಾರು 30% ಹಾಳಾದರೂ ಓದುತ್ತದೆ. ಶಿಲುಬೆ ಚಿಕ್ಕದಾಗಿರಲಿ, ಮೂಲೆಯ ಮೂರು ದೊಡ್ಡ ಚೌಕ ಮುಟ್ಟಬೇಡಿ. ಸುತ್ತಲೂ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಇರಲೇಬೇಕು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕೋಡ್ ಅಂತೂ ಬೇಡ, ಹಳೇ ಫೋನ್‌ಗಳು ತಡಕಾಡುತ್ತವೆ.

ಈಗ ಪರದೆ. ಆರಾಧನೆಯ ನಡುವೆ ಪರದೆ ಮೇಲೆ ಕೋಡ್ ಹಾಕೋದು ನನಗೆ ಇಷ್ಟ ಇಲ್ಲ. ಪ್ರಕಟಣೆ ಓದುವಾಗ ಕೆಲವೇ ಸೆಕೆಂಡ್ ತೋರಿಸಿ ತೆಗೆದುಬಿಡುತ್ತಾರೆ. ಫೋನ್ ಹೊರತೆಗೆಯುವಷ್ಟರಲ್ಲಿ ಮುಂದಿನ ಕೀರ್ತನೆ ಶುರು. ದೂರದ ಲೆಕ್ಕವೂ ಇದೆ. ಓದಬೇಕಾದ ದೂರದ ಹತ್ತನೇ ಒಂದು ಪಾಲಿನಷ್ಟು ಅಗಲ ಬೇಕು ಅನ್ನೋದು ರೂಢಿಯ ಲೆಕ್ಕ. ಹಿಂದಿನ ಬೆಂಚು 10 ಮೀಟರ್ ದೂರ ಇದ್ದರೆ ಪರದೆಯಲ್ಲಿ ಕೋಡ್ 1 ಮೀಟರ್ ಅಗಲ ಇರಬೇಕು. ಹ್ಞಾಂ, ಆರಾಧನೆ ಶುರುವಾಗುವ ಮುಂಚೆ ಜನ ಬಂದು ಕೂರುವಾಗ ಹಾಕಿಟ್ಟರೆ ಒಳ್ಳೆಯದೇ. ಆಗ ಯಾರಿಗೂ ಅವಸರ ಇರಲ್ಲ.

ಒಂದು ಮುಖ್ಯ ಮಾತು. ಪ್ರಾರ್ಥನೆಯ ಫಾರ್ಮ್ ಮಾಡುವಾಗ ಉತ್ತರಗಳು ಯಾರಿಗೆ ಕಾಣುತ್ತವೆ ಅಂತ ನೋಡಿ. ಕಾಯಿಲೆ, ಸಾಲ, ಮನೆಯ ಜಗಳ, ಎಲ್ಲ ಅದರಲ್ಲಿ ಬರುತ್ತದೆ. ಲಿಂಕ್ ಇದ್ದವರೆಲ್ಲ ಓದುವಂತಿದ್ದರೆ ಅದು ನಂಬಿಕೆದ್ರೋಹ. ನಮ್ಮ ಫಾರ್ಮ್‌ನಲ್ಲಿ ಹೆಸರು ಕಡ್ಡಾಯ ಅಲ್ಲ. ‘ಪಾಸ್ಟರ್ ಮಾತ್ರ ಓದಲಿ’, ‘ಸಭೆಯಲ್ಲಿ ಹೇಳಬಹುದು’ ಅಂತ ಎರಡು ಆಯ್ಕೆ ಇಟ್ಟಿದ್ದೇವೆ.

ಕಾಣಿಕೆಯ ಕೋಡ್ ಬಗ್ಗೆ ಮೊದಲು ನನಗೆ ಒಪ್ಪಿಗೆ ಇರಲಿಲ್ಲ, ಬೆಂಚಿನ ಮೇಲಂತೂ ಈಗಲೂ ಬೇಡ. ಎದುರಿಗೇ ಇದ್ದರೆ ಒತ್ತಾಯದ ಹಾಗೆ ಕಾಣುತ್ತದೆ. ಕೇಳಿದವರಿಗೆ ಬೇಕಲ್ವಾ ಅಂತ ಬಾಗಿಲ ಹತ್ತಿರ ಒಂದೇ ಒಂದು ಇಟ್ಟಿದ್ದೇವೆ, ಗಾಜಿನ ಒಳಗಡೆ. ಅಸಲಿ ಕೋಡ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ದುಡ್ಡು ಹೊಡೆಯುವ ಮೋಸ ಬೇರೆ ಬೇರೆ ದೇಶಗಳಲ್ಲಿ ನಡೆದಿದೆ. ಗಾಜಿನ ಒಳಗಿದ್ದರೂ ಪ್ರತಿ ಭಾನುವಾರ ಬಾಗಿಲು ತೆರೆಯುವವರು ಒಮ್ಮೆ ಸ್ಕ್ಯಾನ್ ಮಾಡಿ ನೋಡಲಿ.

ಫೋನ್ ಇಲ್ಲದವರನ್ನ, ಕಣ್ಣು ಮಂಜಾದವರನ್ನ ಬಿಟ್ಟುಬಿಡಬಾರದು. ಪ್ರತಿ ಕೋಡ್ ಕೆಳಗೆ ಅದು ಯಾತಕ್ಕೆ ಅಂತ ದಪ್ಪಕ್ಷರದಲ್ಲಿ ಒಂದು ಸಾಲು, ಅದರ ಕೆಳಗೆ ವಿಳಾಸ. ಪಕ್ಕದಲ್ಲಿ ಕಾಗದದ ಚೀಟಿ, ಪೆನ್ನು, ಪೆಟ್ಟಿಗೆ. ಕೋಡ್ ಬಂತು ಅಂತ ಪೆಟ್ಟಿಗೆ ತೆಗೆಯೋದು ಬೇಡ ಅಂತ ನಾನು ಕಮಿಟಿಯಲ್ಲಿ ಗಟ್ಟಿಯಾಗಿ ಹೇಳಿದ್ದೇನೆ.

ಸರಿ, ಕೊನೇ ಬೆಂಚು. ಇದು ಹಳೇ ಆಂಡ್ರಾಯ್ಡ್ ಫೋನ್, ಪರದೆ ಒಡೆದಿದೆ. ಅಂಚಿನ ಮಬ್ಬು ಬೆಳಕಿನಲ್ಲಿ ಹಿಡಿಯುತ್ತೇನೆ... ಬಂತು! ನೋಟಿಸ್ ಬೋರ್ಡ್ ಮೇಲೆ ಲೈಟ್ ನೇರವಾಗಿ ಬೀಳುತ್ತದೆ, ಹೊಳೆಯುವ ಲ್ಯಾಮಿನೇಷನ್ ಅಲ್ಲಿ ಆಗಲ್ಲ, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಬೇಕು. ಅದನ್ನ ತರೋಕೆ ಈಗ ಹೊರಟೆ. ಅಂಟಿಸಿದ್ದನ್ನ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ. ಬರ್ತೀನಿ.